ರೋಬೋ ತೋಳಿಗೆ ಹೆಚ್ಚುವರಿ ಇನ್‌ಪುಟ್, ಔಟ್‌ಪುಟ್ ಜೋಡಿಸುವ ಕ್ರಮ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ತೊಗರಿಬೇಳೆಯ ಚೀಲಗಳನ್ನು ಪ್ಯಾಲೆಟ್ ಮೇಲೆ ಪೇರಿಸಲು ರೋಬೋ ತೋಳನ್ನು ಕೂರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲಿಗೆ ಚೀಲ ಬಂದಿತೆಂದು ತಿಳಿಸುವ ಒಂದು ಸೆನ್ಸರ್, ಹಿಡಿಕೆಯನ್ನು ತೆರೆದು ಮುಚ್ಚುವ ಒಂದು ವಾಲ್ವ್ ಇದ್ದರೆ ಕೆಲಸ ನಡೆಯುತ್ತದೆ. ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಕನ್ವೇಯರ್, ಗಾಳಿಯ ಒತ್ತಡದ ಸ್ವಿಚ್, ತೂಕದ ಯಂತ್ರದ ಸಂಕೇತ, ದೀಪಸ್ತಂಭ ಎಂದು ಒಂದೊಂದಾಗಿ ಸೇರಿ, ತೋಳನ್ನು ನಡೆಸುವ ಕಂಟ್ರೋಲರಿನಲ್ಲಿ ಸಂಕೇತ ಒಳಬರುವ (ಇನ್‌ಪುಟ್) ಮತ್ತು ಹೊರಹೋಗುವ (ಔಟ್‌ಪುಟ್) ವೈರುಗಳನ್ನು ಹಚ್ಚುವ ಟರ್ಮಿನಲ್‌ಗಳು ತುಂಬಿಬಿಡುತ್ತವೆ. ಯೂನಿವರ್ಸಲ್ ರೋಬೋಟ್ಸ್ ಕಂಪನಿಯ ಕಂಟ್ರೋಲ್ ಬಾಕ್ಸಿನಲ್ಲಿ, ಸಾಮಾನ್ಯ ಕೆಲಸಕ್ಕೋ ಸುರಕ್ಷತೆಗೋ ಬದಲಾಯಿಸಿಕೊಳ್ಳಬಹುದಾದವೂ ಸೇರಿ 16 ಡಿಜಿಟಲ್ ಇನ್‌ಪುಟ್, 16 ಡಿಜಿಟಲ್ ಔಟ್‌ಪುಟ್ ಇರುತ್ತವೆ. ಎರಡರಲ್ಲೂ ಬದಲಾಯಿಸಿಕೊಳ್ಳಬಹುದಾದ ಎಂಟೆಂಟರಲ್ಲಿ ಕೆಲವು ಸುರಕ್ಷತೆಯ ಕೆಲಸಕ್ಕೆ ಹೋದರೆ ಉಳಿಯುವುದು ಇನ್ನೂ ಕಡಿಮೆ.

ವೈರು ಕೈಗೆತ್ತಿಕೊಳ್ಳುವ ಮೊದಲು ಒಂದು ಪಟ್ಟಿ ಬರೆಯಬೇಕು. ಸಂಕೇತದ ಹೆಸರು, ಟರ್ಮಿನಲ್ ಸಂಖ್ಯೆ, ವೋಲ್ಟೇಜ್ ಇವನ್ನು ಎಲ್ಲರೂ ಬರೆಯುತ್ತಾರೆ. ಅದರ ಜೊತೆಗೆ, ಈ ವೈರು ತುಂಡಾದರೆ ಅಥವಾ ಕರೆಂಟ್ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲಂ ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ, ಗಾಳಿಯ ಒತ್ತಡ ಸಾಕಷ್ಟಿದ್ದಾಗ 24 ವೋಲ್ಟ್ ಬರುವಂತೆ ಪ್ರೆಶರ್ ಸ್ವಿಚ್ಚನ್ನು ಜೋಡಿಸಿದರೆ, ವೈರು ಕಡಿದಾಗ ರೋಬೋ 'ಒತ್ತಡವಿಲ್ಲ' ಎಂದು ತಿಳಿದು ನಿಲ್ಲುತ್ತದೆ. ತಿರುವುಮುರುವಾಗಿ ಜೋಡಿಸಿದರೆ ಗಾಳಿಯಿಲ್ಲದೆಯೂ ಚೀಲ ಎತ್ತಲು ಹೋಗುತ್ತದೆ. ಹಿಡಿಕೆಯ ವಾಲ್ವಿಗೆ ಸ್ಪ್ರಿಂಗಿನಿಂದ ತಾನಾಗಿ ಮರಳುವ ಒಂಟಿ ಕಾಯಿಲಿನ ಬದಲು ಎರಡು ಕಾಯಿಲಿನ ವಾಲ್ವ್ ಬಳಸಿದರೆ, ವಿದ್ಯುತ್ ಹೋದರೂ ಅದು ಇದ್ದ ಸ್ಥಿತಿಯಲ್ಲಿಯೇ ಉಳಿದು, ಗಾಳಿ ಇರುವವರೆಗೆ ಚೀಲ ಕೈತಪ್ಪುವುದಿಲ್ಲ. ದಿನಕ್ಕೆ ಕೆಲವು ಸಲವಾದರೂ ಲೈನ್ ಹೋಗಿ ಬರುವ ಕಡೆ ಇದು ಚಿಕ್ಕ ವಿಷಯವಲ್ಲ.

ಅನಂತರ ಕರೆಂಟಿನ ಲೆಕ್ಕ. 12 ಸೆನ್ಸರ್‌ಗಳು ತಲಾ 20 ಮಿಲಿಆಂಪಿಯರ್ ಎಳೆದರೆ 0.24 ಆಂಪಿಯರ್, 4.8 ವ್ಯಾಟಿನ ಆರು ವಾಲ್ವ್‌ಗಳು ಒಟ್ಟಿಗೆ ತೆರೆದರೆ 1.2 ಆಂಪಿಯರ್, ಅದರ ಮೇಲೆ ಟರ್ಮಿನಲ್‌ಗಳನ್ನು ಹೆಚ್ಚಿಸುವ ಮಾಡ್ಯೂಲ್, ದೀಪಗಳು. ಕಂಟ್ರೋಲರಿನ ಒಳಗಿನ 24 ವೋಲ್ಟ್ ಸರಬರಾಜಿನ ಮಿತಿ ಸಾಮಾನ್ಯವಾಗಿ ಒಂದೆರಡು ಆಂಪಿಯರ್ ಆಗಿರುವುದರಿಂದ, ಇಷ್ಟು ಹೊರೆಗೆ 5 ಆಂಪಿಯರಿನ ಪ್ರತ್ಯೇಕ ಎಸ್‌ಎಂಪಿಎಸ್ (ಎಸಿಯನ್ನು 24 ವೋಲ್ಟ್ ಡಿಸಿಗೆ ಇಳಿಸುವ ಪವರ್ ಸಪ್ಲೈ) ಹಾಕುವುದೇ ಸರಿ. ಹಾಗೆ ಹಾಕಿದಾಗ ಎರಡು ಸರಬರಾಜುಗಳ ಪಾಸಿಟಿವ್ ತುದಿಗಳನ್ನು ಒಂದಕ್ಕೊಂದು ಸೇರಿಸಬಾರದು. ಕಂಟ್ರೋಲರಿನ ಸರ್ಕ್ಯೂಟಿನಿಂದ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸಿದ ಇನ್‌ಪುಟ್ ಅಲ್ಲದಿದ್ದರೆ 0 ವೋಲ್ಟ್ ತುದಿಗಳನ್ನು ಮಾತ್ರ ಸೇರಿಸಬೇಕು. ಇದನ್ನು ಮರೆತರೆ ಸೆನ್ಸರಿನ ದೀಪ ಉರಿಯುತ್ತದೆ, ಟೀಚ್ ಪೆಂಡೆಂಟಿನಲ್ಲಿ (ರೋಬೋವನ್ನು ನಡೆಸುವ ಕೈಪರದೆಯಲ್ಲಿ) ಮಾತ್ರ ಏನೂ ಕಾಣಿಸುವುದಿಲ್ಲ.

ಹಾಗೆ ಕಾಣಿಸದಿರಲು ಇನ್ನೊಂದು ಕಾರಣ ಸೆನ್ಸರಿನ ಬಗೆ ಇನ್‌ಪುಟ್ಟಿಗೆ ಹೊಂದದಿರುವುದು. ಪಿಎನ್‌ಪಿ ಸೆನ್ಸರ್ ಸಂಕೇತದ ವೈರನ್ನು ಪಾಸಿಟಿವ್‌ಗೆ ಸೇರಿಸುತ್ತದೆ, ಎನ್‌ಪಿಎನ್ 0 ವೋಲ್ಟಿಗೆ ಸೇರಿಸುತ್ತದೆ. ಮೂರು ವೈರಿನ ಸೆನ್ಸರಿನಲ್ಲಿ ಕಂದು ಪಾಸಿಟಿವ್, ನೀಲಿ 0 ವೋಲ್ಟ್, ಕಪ್ಪು ಸಂಕೇತ. ಸೆನ್ಸರಿನ ಮುಂದೆ ವಸ್ತುವನ್ನು ಹಿಡಿದು, ಕಪ್ಪು ಮತ್ತು ನೀಲಿಯ ನಡುವೆ ಮಲ್ಟಿಮೀಟರ್ ಇಟ್ಟಾಗ ಸುಮಾರು 24 ವೋಲ್ಟ್ ತೋರಿಸಿದರೆ ಅದು ಪಿಎನ್‌ಪಿ. ಕಂದು ಮತ್ತು ಕಪ್ಪಿನ ನಡುವೆ ತೋರಿಸಿದರೆ ಎನ್‌ಪಿಎನ್. ಪಿಎನ್‌ಪಿ ಬಯಸುವ ಇನ್‌ಪುಟ್ಟಿಗೆ ಎನ್‌ಪಿಎನ್ ಸೆನ್ಸರ್ ಎಂದಿಗೂ ಸಂಕೇತ ಕೊಡುವುದಿಲ್ಲ. ಆಗ ಸೆನ್ಸರ್ ಬದಲಿಸಬೇಕು, ಇಲ್ಲವೇ ನಡುವೆ ರಿಲೇ (ಕಾಯಿಲಿಗೆ ಕರೆಂಟ್ ಕೊಟ್ಟಾಗ ಇನ್ನೊಂದು ಸರ್ಕ್ಯೂಟನ್ನು ಸೇರಿಸುವ ಸ್ವಿಚ್) ಹಾಕಬೇಕು.

ಔಟ್‌ಪುಟ್ ಕಡೆಗೆ, ಬಹುತೇಕ ಟ್ರಾನ್ಸಿಸ್ಟರ್ ಔಟ್‌ಪುಟ್‌ಗಳು ಸುಮಾರು ಅರ್ಧ ಆಂಪಿಯರ್ ವರೆಗೆ ಮಾತ್ರ ತಾಳುತ್ತವೆ. ಕನ್ವೇಯರಿನ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ನೇರವಾಗಿ ಅವುಗಳಿಗೆ ಹಚ್ಚದೆ ರಿಲೇ ಮೂಲಕ ನಡೆಸಬೇಕು. ಡಿಸಿ ಕಾಯಿಲಿನ ಎರಡು ತುದಿಗಳ ನಡುವೆ 1ಎನ್4007ರಂಥ ಡಯೋಡನ್ನು, ಅದರ ಬೆಳ್ಳಿ ಗೆರೆ ಪಾಸಿಟಿವ್ ಕಡೆಗಿರುವಂತೆ ಹಾಕಬೇಕು. ಕಾಯಿಲ್ ಬಂದಾಗುವ ಕ್ಷಣದಲ್ಲಿ ಏಳುವ ಹಿಮ್ಮುಖ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಸುಡದಂತೆ ಅದು ತಡೆಯುತ್ತದೆ. ಎಸಿ ಕಾಯಿಲಿಗೆ ಡಯೋಡ್ ಹಾಕಬಾರದು, ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಜೋಡಿ) ಹಾಕಬೇಕು.

ಟರ್ಮಿನಲ್‌ಗಳೇ ಮುಗಿದಿದ್ದರೆ ರಿಮೋಟ್ ಐಒ ಮಾಡ್ಯೂಲ್, ಅಂದರೆ ನೆಟ್‌ವರ್ಕ್ ಕೇಬಲ್ಲಿನ ಮೂಲಕ ಕಂಟ್ರೋಲರಿಗೆ ಸೇರುವ ಹೆಚ್ಚುವರಿ ಇನ್‌ಪುಟ್, ಔಟ್‌ಪುಟ್ ಪೆಟ್ಟಿಗೆ ಬೇಕಾಗುತ್ತದೆ. ಕಂಟ್ರೋಲರ್ ಯಾವ ಭಾಷೆ ಮಾತಾಡುತ್ತದೆ, ಮಾಡ್‌ಬಸ್ ಟಿಸಿಪಿಯೋ, ಪ್ರಾಫಿನೆಟ್ಟೋ, ಈಥರ್‌ನೆಟ್/ಐಪಿಯೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಮಾಡ್ಯೂಲ್ ಖರೀದಿಸಬೇಕು. ಕೆಲವು ಕಂಪನಿಗಳಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಮಾಡ್‌ಬಸ್ ಟಿಸಿಪಿಯಾದರೆ ರೋಬೋ ಮತ್ತು ಮಾಡ್ಯೂಲ್ ಎರಡಕ್ಕೂ ಒಂದೇ ಸಬ್‌ನೆಟ್ಟಿನ (ನೆಟ್‌ವರ್ಕಿನ ಒಂದೇ ಗುಂಪಿನ) ಬೇರೆ ಬೇರೆ ಐಪಿ ವಿಳಾಸ ಕೊಟ್ಟು (192.168.1.10 ಮತ್ತು 192.168.1.20 ಇದ್ದಂತೆ), 502ನೇ ಪೋರ್ಟಿನಲ್ಲಿ ಸಂಪರ್ಕ ಮಾಡಬೇಕು. ಮಾಡ್ಯೂಲಿನ ಒಂದೊಂದು ಟರ್ಮಿನಲ್ಲಿಗೂ ಒಂದು ವಿಳಾಸ ಸಂಖ್ಯೆ ಇರುತ್ತದೆ. ಕೈಪಿಡಿಯ ವಿಳಾಸ 1ರಿಂದ ಆರಂಭವಾಗಿ, ಸಾಫ್ಟ್‌ವೇರಿನ ವಿಳಾಸ 0ಯಿಂದ ಆರಂಭವಾಗುವುದುಂಟು. ಪಕ್ಕದ ಟರ್ಮಿನಲ್ಲಿನ ದೀಪ ಹೊತ್ತಿಕೊಂಡರೆ ಮೊದಲು ಇದನ್ನೇ ಅನುಮಾನಿಸಬೇಕು. ಓಡುವ ಕನ್ವೇಯರಿನ ಮೇಲೆ ಚೀಲದ ಅಂಚನ್ನು ಹಿಡಿಯುವಂಥ ವೇಗದ ಸಂಕೇತಗಳನ್ನು ಕಂಟ್ರೋಲರಿನ ಸ್ವಂತ ಇನ್‌ಪುಟ್ಟಿನಲ್ಲಿಯೇ ಉಳಿಸಿ, ದೀಪ, ಒತ್ತಡ, ಪ್ಯಾಲೆಟ್ ಖಾಲಿಯಂಥ ನಿಧಾನದವನ್ನು ಮಾಡ್ಯೂಲಿಗೆ ವರ್ಗಾಯಿಸುವುದು ಜಾಣತನ.

ತುರ್ತು ನಿಲುಗಡೆಯ ಗುಂಡಿ ಮತ್ತು ಬೇಲಿಯ ಬಾಗಿಲಿನ ಸ್ವಿಚ್ ಇವುಗಳನ್ನು ಯಾವ ಕಾರಣಕ್ಕೂ ಈ ಹೆಚ್ಚುವರಿ ಮಾಡ್ಯೂಲಿಗೆ ಹಚ್ಚಬಾರದು. ಅವು ಎರಡು ಪ್ರತ್ಯೇಕ ಚಾನೆಲ್‌ಗಳಲ್ಲಿ ಕಂಟ್ರೋಲರಿನ ಸುರಕ್ಷತಾ ಟರ್ಮಿನಲ್‌ಗಳಿಗೇ ಹೋಗಬೇಕು. ಜಾಗ ಸಾಲದಿದ್ದರೆ ಸುರಕ್ಷತಾ ರಿಲೇ ಖರೀದಿಸಬೇಕೇ ಹೊರತು, ಸಾಮಾನ್ಯ ಇನ್‌ಪುಟ್ಟಿನಿಂದ ಪ್ರೋಗ್ರಾಮಿನ ಮೂಲಕ ನಿಲ್ಲಿಸುತ್ತೇವೆ ಎನ್ನಬಾರದು. ಪ್ರೋಗ್ರಾಮ್ ಸ್ತಬ್ಧವಾದ ದಿನ ಆ ಗುಂಡಿ ಗೋಡೆಯ ಮೇಲಿನ ಅಲಂಕಾರವಷ್ಟೇ ಆಗಿರುತ್ತದೆ.

ವೈರಿಂಗ್ ಮಾಡುವಾಗ ಹಿಡಿಕೆಯಲ್ಲಿರುವ ಚೀಲವನ್ನು ಕೆಳಗಿಳಿಸಿ, ಗಾಳಿಯನ್ನು ಹೊರಬಿಟ್ಟು, ಮುಖ್ಯ ಐಸೊಲೇಟರ್ ಬಂದ್ ಮಾಡಿ ಬೀಗ ಹಾಕಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದೇ ಪ್ಯಾನೆಲ್ ತೆರೆಯಬೇಕು. ಸಂಕೇತದ ವೈರುಗಳನ್ನು ಮೋಟಾರಿನ ಕೇಬಲ್ಲಿನ ಜೊತೆ ಒಂದೇ ಟ್ರೇನಲ್ಲಿ ಎಳೆಯಬಾರದು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ಮುಟ್ಟಿದಾಗ ತಗಡಿನ ಶೆಡ್ಡಿನೊಳಗಿನ ಮುಚ್ಚಿದ ಪ್ಯಾನೆಲ್ 50 ದಾಟುವುದು ಕಷ್ಟವೇನಲ್ಲ. ಅನೇಕ ಎಸ್‌ಎಂಪಿಎಸ್‌ಗಳು ಅದಕ್ಕಿಂತ ಮೇಲೆ ಪೂರ್ತಿ ಕರೆಂಟ್ ಕೊಡುವುದಿಲ್ಲ. ಆದ್ದರಿಂದ ಲೆಕ್ಕಕ್ಕಿಂತ ದೊಡ್ಡದನ್ನೇ ಹಾಕಬೇಕು. ಕಪ್ಪು ಮಣ್ಣು ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ರೋಧವೂ ಏರುತ್ತದೆ. ಮಾರ್ಚಿನಿಂದಲೇ ಗುಂಡಿಗೆ ನೀರು ಹಾಕಿ, ಅರ್ಥ್ ಟೆಸ್ಟರಿನಿಂದ ಅಳೆದಿಡಬೇಕು. ಬೇಳೆಯ ಹೊಟ್ಟಿನ ದೂಳು ಫೋಟೊ ಸೆನ್ಸರಿನ ಗಾಜಿನ ಮೇಲೆ ಕೂರುವುದರಿಂದ, ಅದನ್ನು ಒರೆಸುವುದನ್ನು ಪಾಳಿಯ ಕೆಲಸದ ಪಟ್ಟಿಗೆ ಸೇರಿಸಬೇಕು.

ಪರೀಕ್ಷೆಯಲ್ಲಿ ಮೊದಲು ಪ್ರೋಗ್ರಾಮ್ ಓಡಿಸದೆ, ಪಟ್ಟಿಯ ಕ್ರಮದಲ್ಲಿ ಒಂದೊಂದೇ ಸೆನ್ಸರನ್ನು ಕೈಯಿಂದ ಮುಚ್ಚಿ ಟೀಚ್ ಪೆಂಡೆಂಟಿನಲ್ಲಿ ಅದೇ ಹೆಸರು ಬದಲಾಗುತ್ತದೆಯೇ ಎಂದು ನೋಡಬೇಕು. ಅನಂತರ ಒಂದೊಂದೇ ಔಟ್‌ಪುಟ್. ಎಲ್ಲರೂ ಬೇಲಿಯ ಹೊರಗಿರುವಾಗ, ತೋಳು ಕಡಿಮೆ ವೇಗದಲ್ಲಿ ಓಡುತ್ತಿರುವಾಗ ಮಾಡ್ಯೂಲಿನ ನೆಟ್‌ವರ್ಕ್ ಕೇಬಲ್ಲನ್ನು ಬೇಕೆಂದೇ ಕೀಳಬೇಕು. ಔಟ್‌ಪುಟ್‌ಗಳು ಪಟ್ಟಿಯಲ್ಲಿ ಬರೆದ ಸ್ಥಿತಿಗೆ ಹೋಗಿ ರೋಬೋ ನಿಂತರೆ ಸರಿ. ಹಳೆಯ ಸ್ಥಿತಿಯನ್ನೇ ಹಿಡಿದುಕೊಂಡು ಓಡುತ್ತಲೇ ಇದ್ದರೆ, ಮಾಡ್ಯೂಲಿನ ವಾಚ್‌ಡಾಗ್ ಸಮಯವನ್ನು (ಸಂಪರ್ಕ ತಪ್ಪಿದ ಎಷ್ಟು ಹೊತ್ತಿಗೆ ಔಟ್‌ಪುಟ್‌ಗಳನ್ನು ಬದಲಿಸಬೇಕು ಎಂಬುದನ್ನು) ಹೊಂದಿಸಿ ಮತ್ತೆ ಕೀಳಬೇಕು. ಇದು ಸರಿಯಾಗುವವರೆಗೆ ಆ ತೋಳನ್ನು ಉತ್ಪಾದನೆಗೆ ಬಿಟ್ಟುಕೊಡಬಾರದು.