ಮೆಲ್ಬರ್ನ್‌ಗೆ ಹೊಸದಾಗಿ ಬಂದವರಿಗೆ: ಮನೆಯ ನೀರು, ಮೀಟರು, ಬಿಲ್ಲು

ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಕಾರಿನ ಲೈಸೆನ್ಸು ಇವುಗಳ ಬಗ್ಗೆ ಹೇಳಿಕೊಡುವವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನೀರಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಲ್ಲಿ ತಿರುಗಿಸಿದರೆ ಇಪ್ಪತ್ತನಾಲ್ಕು ಗಂಟೆಯೂ ನೀರು ಬರುವ ಊರಿನಲ್ಲಿ ಹೇಳುವುದೇನಿದೆ ಎಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಸಂಪಿನ ಮುಚ್ಚಳ ತೆಗೆದು ಇಣುಕಿ, ಟ್ಯಾಂಕರ್‌ಗೆ ಫೋನ್ ಮಾಡುತ್ತಿದ್ದ ನಾವೇ ಇಲ್ಲಿ ಮೂರು ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಮಾತ್ರ ನೀರನ್ನು ನೆನೆಯುತ್ತೇವೆ. ಅಷ್ಟು ಹೊತ್ತಿಗೆ ನೀರೂ ಹರಿದುಹೋಗಿರುತ್ತದೆ, ಹಣವೂ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಬಿಲ್ಲಿಗೆ ಕಾಯಬೇಡಿ, ವಾರಕ್ಕೊಮ್ಮೆ ಮೀಟರ್ ಓದಿ.

ಈ ಊರೂ ಬರ ಕಂಡಿದೆ

1997ರಿಂದ 2009ರವರೆಗೆ ಇಲ್ಲಿ ದೀರ್ಘ ಬರಗಾಲ ಇತ್ತು. 2009ರ ಜೂನ್ ವೇಳೆಗೆ ಮೆಲ್ಬರ್ನಿನ ಜಲಾಶಯಗಳಲ್ಲಿ ಉಳಿದಿದ್ದದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಆಗ ಇದ್ದವರು ಶವರ್ ಕೆಳಗೆ ಬಕೆಟ್ ಇಟ್ಟು, ಹಿಡಿದ ನೀರನ್ನು ಗಿಡಕ್ಕೆ ಹೊತ್ತು ಹಾಕಿದ್ದಾರೆ. ತಲೆಗೆ ದಿನಕ್ಕೆ 155 ಲೀಟರ್ ಎಂಬ ಗುರಿ ಹುಟ್ಟಿದ್ದು ಆ ದಿನಗಳಲ್ಲಿ. ಈಗ ಅದು 150 ಲೀಟರ್. ಕರಾವಳಿಯ ವೊಂಥಾಗಿ ಎಂಬ ಊರಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ದೊಡ್ಡ ಸ್ಥಾವರ ಕಟ್ಟಿದ್ದೂ ಆ ಬರದ ಹೆದರಿಕೆಯಿಂದಲೇ, ಅದರ ವೆಚ್ಚ ಇಂದಿಗೂ ನಮ್ಮೆಲ್ಲರ ಬಿಲ್ಲಿನೊಳಗೆ ಸೇರಿದೆ.

ಭಾರತದ ದೊಡ್ಡ ನಗರಗಳಿಗೆ ಸರ್ಕಾರಿ ಲೆಕ್ಕದಲ್ಲಿ ಹಾಕುವುದು ತಲೆಗೆ 135 ಲೀಟರ್. ಎಂದರೆ 150 ಲೀಟರ್ ನಮಗೆ ಜಿಪುಣತನದ ಲೆಕ್ಕವೇನಲ್ಲ. ಚೊಂಬಿನಲ್ಲಿ ಸ್ನಾನ ಮಾಡಿ ಬೆಳೆದ ಕನ್ನಡಿಗರು ಈ ಗುರಿಯನ್ನು ಇಲ್ಲಿಯವರಿಗಿಂತ ಮೊದಲು ಮುಟ್ಟಬೇಕು.

ಮೀಟರ್ ಓದುವುದು

ಮೀಟರ್ ಸಾಮಾನ್ಯವಾಗಿ ಮನೆಯ ಮುಂದೆ, ರಸ್ತೆಯ ಕಡೆಯ ಗಡಿಯ ಹತ್ತಿರ ಇರುತ್ತದೆ. ಕೆಲವೆಡೆ ಹುಲ್ಲಿನಲ್ಲಿ ಹುದುಗಿದ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಮುಚ್ಚಳ ಎತ್ತುವಾಗ ಕೈ ನೇರವಾಗಿ ಒಳಗೆ ಹಾಕಬೇಡಿ, ಜೇಡಗಳಿರುತ್ತವೆ, ಕಡ್ಡಿಯಿಂದ ಎತ್ತಿ.

ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಲೀಟರ್‌ಗಳ ಲೆಕ್ಕ. ಕೆಂಪು ಅಂಕಿಗಳು ಲೀಟರ್. ಬಿಲ್ಲಿಗೆ ಕಪ್ಪು ಅಂಕಿ ಸಾಕು, ನಿಮಗೆ ಬೇಕಾದದ್ದು ಕೆಂಪು. ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಮುಂದಿನ ಭಾನುವಾರ ಅದೇ ಹೊತ್ತಿಗೆ ಇನ್ನೊಂದು. ಉದಾಹರಣೆಗೆ ಮೊದಲ ವಾರ 1482 ಕಪ್ಪು, 350 ಕೆಂಪು. ಮುಂದಿನ ವಾರ 1486 ಕಪ್ಪು, 830 ಕೆಂಪು. ವ್ಯತ್ಯಾಸ 4480 ಲೀಟರ್. ಏಳರಿಂದ ಭಾಗಿಸಿದರೆ ದಿನಕ್ಕೆ 640. ಮನೆಯಲ್ಲಿ ನಾಲ್ವರಿದ್ದರೆ ತಲೆಗೆ 160. ಗುರಿಗಿಂತ ಹತ್ತು ಲೀಟರ್ ಹೆಚ್ಚು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಎಣಿಸಿ. ಲೆಕ್ಕವನ್ನು ಮಕ್ಕಳ ಕೈಗೆ ಕೊಡಿ, ಭಾಗಾಕಾರವೂ ಬರುತ್ತದೆ, ಶವರ್‌ನಿಂದ ಹೊರಗೆ ಬನ್ನಿ ಎಂದು ನೀವು ಕೂಗುವುದೂ ತಪ್ಪುತ್ತದೆ.

ಸೋರಿಕೆ ಇದೆಯೇ ಎಂದು ನೋಡಲು ರಾತ್ರಿ ಎಲ್ಲರೂ ಮಲಗುವ ಮುನ್ನ ಕೆಂಪು ಅಂಕಿ ಬರೆದಿಟ್ಟುಕೊಳ್ಳಿ. ಬಟ್ಟೆ ಒಗೆಯುವ ಯಂತ್ರ, ಚಾವಣಿಯ ಮೇಲಿನ ನೀರಿನ ಕೂಲರ್, ತೋಟದ ಟೈಮರ್ ಎಲ್ಲವೂ ನಿಂತಿರಲಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುನ್ನ ಮತ್ತೆ ನೋಡಿ. ಅಂಕಿ ಸರಿದಿದ್ದರೆ, ರಾತ್ರಿ ಯಾರೂ ಎದ್ದಿರದಿದ್ದರೆ, ಎಲ್ಲೋ ಸೋರುತ್ತಿದೆ.

ಕಮೋಡ್ ಸೋರಿಕೆ ಮತ್ತು ಬಾಡಿಗೆ ಮನೆ

ನಮ್ಮಲ್ಲಿ ಹಲವರಿಗೆ ಪೆಟ್ಟು ಬಿದ್ದಿರುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ನಲ್ಲಿ ತೊಟ್ಟಿಕ್ಕಿದರೆ ಸದ್ದಾಗುತ್ತದೆ. ಫ್ಲಶ್ ಟ್ಯಾಂಕಿನ ಒಳಗಿನ ರಬ್ಬರ್ ಸವೆದರೆ ನೀರು ಬಟ್ಟಲಿನ ಹಿಂಬದಿಗೆ ಅಂಟಿಕೊಂಡು ಸದ್ದಿಲ್ಲದೆ ಇಳಿಯುತ್ತದೆ, ಹಗಲೂ ರಾತ್ರಿ. ಪತ್ತೆ ಮಾಡುವುದು ಸುಲಭ. ಜಾಂಗೀರಿಗೆ ಹಾಕುವ ಬಣ್ಣ ಮನೆಯಲ್ಲಿ ಇದ್ದೇ ಇರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಟ್ಟಲಿನ ನೀರಿಗೆ ಬಣ್ಣ ಬಂದರೆ ಸೋರಿಕೆ ಖಚಿತ. ಅರಿಶಿನ ಹಾಕಬೇಡಿ, ಕಲೆ ಹೋಗುವುದಿಲ್ಲ.

ಮೊದಲ ಬಾಡಿಗೆ ಮನೆಯಲ್ಲಿ ಹೀಗಾದಾಗ ನಮ್ಮಲ್ಲೊಬ್ಬರು, ಮಾಲೀಕರ ಪರವಾಗಿ ಮನೆ ನೋಡಿಕೊಳ್ಳುವ ಏಜೆಂಟಿಗೆ ಫೋನಿನಲ್ಲಿ ಹೇಳಿದ್ದರು. ಏಜೆಂಟ್ "ನೋಡುತ್ತೇವೆ" ಎಂದರು, ಬಿಲ್ಲು ಬಂದಾಗ "ನೀವು ತಿಳಿಸಿದ ದಾಖಲೆ ಇಲ್ಲ" ಎಂದರು. ಹಾಗಾಗಿ ಎಲ್ಲವನ್ನೂ ಇಮೇಲ್‌ನಲ್ಲಿಯೇ ಬರೆಯಿರಿ. ಫೋಟೋ ಲಗತ್ತಿಸಿ. ನೀರು ಹೆಚ್ಚಾಗಿ ಪೋಲಾಗುವಂತಹ ಕೆಟ್ಟ ನಲ್ಲಿ, ಕಮೋಡ್, ಒಡೆದ ಪೈಪ್ ಇವು ನಮ್ಮ ರಾಜ್ಯ ವಿಕ್ಟೋರಿಯಾದ ಬಾಡಿಗೆ ಕಾನೂನಿನಲ್ಲಿ ತುರ್ತು ರಿಪೇರಿಯ ಪಟ್ಟಿಯಲ್ಲಿವೆ. ಮಾಲೀಕರು ಕೂಡಲೇ ಸರಿಪಡಿಸಬೇಕು. ಎಷ್ಟು ಪ್ರಯತ್ನಿಸಿದರೂ ಅವರು ಸ್ಪಂದಿಸದಿದ್ದರೆ 2,500 ಡಾಲರ್ ಒಳಗಿನ ತುರ್ತು ಕೆಲಸವನ್ನು ನೀವೇ ಮಾಡಿಸಿ ಹಣ ವಾಪಸು ಕೇಳಬಹುದು. ರಸೀದಿ ಎತ್ತಿಟ್ಟುಕೊಳ್ಳಿ. "ಹೊಸಬರು, ಏಜೆಂಟಿಗೆ ಬೇಸರವಾದೀತು" ಎಂದು ಸಂಕೋಚಪಡುವವರನ್ನು ನೋಡಿ ನಮಗೆ ಸಂಕಟವಾಗುತ್ತದೆ. ಹಕ್ಕು ಕೇಳುವುದು ಒರಟುತನವಲ್ಲ.

ಇನ್ನೊಂದು ಮಾತು. ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರು ಕೊಡಬೇಕಾದದ್ದು ಬಳಸಿದ ನೀರಿನ ಹಣ. ಬಿಲ್ಲಿನಲ್ಲಿರುವ ಸ್ಥಿರ ಶುಲ್ಕಗಳು ಮಾಲೀಕರವು. ಬಿಲ್ಲಿನ ಪ್ರತಿ ಸಾಲನ್ನೂ ಓದಿ, ನಂತರ ಹಣ ಕಟ್ಟಿ. ಕೆಲವು ಬಿಲ್ಲುಗಳಲ್ಲಿ ಒಳಚರಂಡಿಗೆ ಹೋದ ನೀರಿಗೂ ಬಳಕೆಯ ಆಧಾರದ ಮೇಲೆ ದರ ಹಾಕಿರುತ್ತಾರೆ, ಅಂದರೆ ಹೆಚ್ಚು ಬಳಸಿದರೆ ಎರಡು ಕಡೆ ಏರುತ್ತದೆ.

ಸ್ನಾನ

ಹಾಲಿನ 3 ಲೀಟರ್ ಕ್ಯಾನಿನಿಂದ ಬಕೆಟ್‌ಗೆ ನೀರು ಸುರಿದು, ಪ್ರತಿ ಸಲವೂ ಮಾರ್ಕರ್‌ನಿಂದ ಗೆರೆ ಹಾಕಿ. ಆ ಬಕೆಟ್ಟನ್ನು ಶವರ್ ಕೆಳಗೆ ಒಂದು ನಿಮಿಷ ಹಿಡಿಯಿರಿ. ಮೂರನೆಯ ಗೆರೆಯೊಳಗೆ ನಿಂತರೆ ಶವರ್ ಚೆನ್ನಾಗಿದೆ, ನೀರು ಉಳಿಸುವ ಸಾಧನಗಳಿಗೆ ಇಲ್ಲಿ ಕೊಡುವ ನಕ್ಷತ್ರಗಳ ಲೆಕ್ಕದಲ್ಲಿ ಅದು ಮೂರು ನಕ್ಷತ್ರದ ಮಟ್ಟ. ಐದನೆಯ ಗೆರೆ ದಾಟಿದರೆ ಹಳೆಯ ಶವರ್, ಬದಲಿಸಲು ಹೇಳಿ. ಮೂರು ಗೆರೆಯ ಶವರ್‌ನಲ್ಲೂ ಎಂಟು ನಿಮಿಷ ನಿಂತರೆ 72 ಲೀಟರ್. ನಾಲ್ಕು ನಿಮಿಷಕ್ಕೆ 36. ಬಿಸಿನೀರಿನ ಯಂತ್ರ ಮನೆಯ ಹೊರಗಿರುವುದರಿಂದ ಬಿಸಿನೀರು ಬರುವವರೆಗೆ ತಣ್ಣೀರು ಸುಮ್ಮನೆ ಹರಿಯುತ್ತದೆ. ಆ ನೀರನ್ನು ಅದೇ ಬಕೆಟ್‌ನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕಿ.

ಬಕೆಟ್ ಸ್ನಾನ ಮಾಡುವವರು ಶವರ್ ಕಟ್ಟೆಯ ಒಳಗೇ ಕೂತು ಮಾಡಿ. ಇಲ್ಲಿನ ಎಷ್ಟೋ ಬಚ್ಚಲುಗಳಲ್ಲಿ ಉಳಿದ ನೆಲಕ್ಕೆ ನೀರು ಹೋಗುವ ದಾರಿಯಿಲ್ಲ, ಮಹಡಿಯಿಂದ ಕೆಳಗಿನ ಕೋಣೆಯ ಚಾವಣಿಗೆ ಇಳಿಯುತ್ತದೆ. ಹಬ್ಬದ ಎಣ್ಣೆಸ್ನಾನಕ್ಕೆ ಮುನ್ನ ಮೈಯ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಒರೆಸಿ. ಸೀಗೆಪುಡಿ ಮತ್ತು ಎಣ್ಣೆ ಸೇರಿ ಪೈಪ್ ಕಟ್ಟಿಕೊಂಡರೆ ಪ್ಲಂಬರ್ ಕರೆಸುವ ಹಣದಲ್ಲಿ ಹಬ್ಬವನ್ನೇ ಮಾಡಬಹುದು.

ಅಂಗಳ

ಬೆಳಿಗ್ಗೆ ಎದ್ದು ಪೈಪ್ ಹಿಡಿದು ಕಾಂಕ್ರೀಟ್ ಅಂಗಳ ತೊಳೆಯುವುದನ್ನು ಇಲ್ಲಿ ನಿಲ್ಲಿಸಬೇಕು. ವಿಕ್ಟೋರಿಯಾದ ಶಾಶ್ವತ ನೀರಿನ ನಿಯಮಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದು ನಿಷಿದ್ಧ. ಪಕ್ಕದ ಮನೆಯ ಹಿರಿಯರು ಬಂದು ಹೇಳಿದರೆ ಕೋಪಿಸಿಕೊಳ್ಳಬೇಡಿ. ಆ ಬರಗಾಲದಲ್ಲಿ ಅವರ ತೋಟ ಕಣ್ಣೆದುರೇ ಒಣಗಿರುತ್ತದೆ. ಪೊರಕೆಯಿಂದ ಗುಡಿಸಿ, ಹೊಸ್ತಿಲಿನ ಮುಂದೆ ಎರಡು ಚೊಂಬು ನೀರು ಚಿಮುಕಿಸಿ, ರಂಗೋಲಿ ಹಾಕಿ. ಲಕ್ಷ್ಮಿಗೆ ಅಷ್ಟು ಸಾಕು.

ಗಿಡಗಳಿಗೆ, ತುದಿಯಲ್ಲಿ ಒತ್ತುಗುಂಡಿ (ಟ್ರಿಗರ್ ನಾಝಲ್) ಇರುವ ಪೈಪ್ ಕೈಯಲ್ಲಿ ಹಿಡಿದು ಯಾವ ಹೊತ್ತಿಗಾದರೂ ನೀರು ಹಾಕಬಹುದು. ಸ್ಪ್ರಿಂಕ್ಲರ್ ಇದ್ದರೆ ಸಂಜೆ 6ರಿಂದ ಬೆಳಿಗ್ಗೆ 10ರವರೆಗೆ ಮಾತ್ರ. ಕಾರನ್ನೂ ಒತ್ತುಗುಂಡಿಯ ಪೈಪ್ ಅಥವಾ ಬಕೆಟ್‌ನಿಂದ ತೊಳೆಯಿರಿ.

ನೇರಳೆ ನಲ್ಲಿ

ಪಶ್ಚಿಮದ ವೆರಿಬಿ ಕಡೆಯ ಕೆಲವು ಹೊಸ ಬಡಾವಣೆಗಳಲ್ಲಿ, ಹಾಗೆಯೇ ಉತ್ತರ ಮತ್ತು ಆಗ್ನೇಯದ ಕೆಲವೆಡೆ ಎರಡು ಮೀಟರ್ ಇರುತ್ತವೆ. ನೇರಳೆ ಬಣ್ಣದ ನಲ್ಲಿ, ನೇರಳೆ ಪೈಪಿನಲ್ಲಿ ಬರುವುದು ಶುದ್ಧೀಕರಿಸಿ ಮರುಬಳಸುವ ನೀರು. ಫ್ಲಶ್‌ಗೆ, ತೋಟಕ್ಕೆ ಸರಿ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಮಕ್ಕಳ ಈಜುತೊಟ್ಟಿಗೆ, ದೇವರ ಅಭಿಷೇಕಕ್ಕೆ ಬೇಡವೇ ಬೇಡ. ಊರಿನಿಂದ ಬಂದ ಅಜ್ಜಿ ತಾತನಿಗೆ ಬಂದ ದಿನವೇ ತೋರಿಸಿ ಹೇಳಿ. ವಾರದ ಲೆಕ್ಕಕ್ಕೆ ಎರಡೂ ಮೀಟರ್ ಓದಬೇಕು.

ಕುಡಿಯುವ ನೀರು

ಊರಿನಿಂದ ಆರ್‌ಓ ಯಂತ್ರ ಹೊತ್ತು ತರಬೇಡಿ. ಮೆಲ್ಬರ್ನಿನ ನೀರು ಹೆಚ್ಚಾಗಿ ಜನರಿಗೆ ಪ್ರವೇಶವಿಲ್ಲದ ಬೆಟ್ಟಕಾಡುಗಳಿಂದ ಬರುತ್ತದೆ, ನಲ್ಲಿಯಿಂದಲೇ ಕುಡಿಯಬಹುದು. ಆರ್‌ಓ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತದೆ.

ಅಡುಗೆಮನೆ, ಬಟ್ಟೆ

ಅಕ್ಕಿ, ಬೇಳೆ ತೊಳೆದ ನೀರು ಗಿಡಕ್ಕೆ.
ಸೊಪ್ಪು ಪಾತ್ರೆಯಲ್ಲಿ ನೆನೆಸಿ ತೊಳೆಯಿರಿ, ಹರಿಯುವ ನಲ್ಲಿಯ ಕೆಳಗೆ ಬೇಡ.
ಡಿಶ್‌ವಾಷರ್ ತುಂಬಿದ ಮೇಲೆ ಹಾಕಿ. ಅದರಲ್ಲಿ ಪಾತ್ರೆ ಇಡುವ ಮುನ್ನ ಪೂರ್ತಿ ತೊಳೆಯುವ ಅಭ್ಯಾಸ ಬಿಡಿ.
ಬಟ್ಟೆಯ ಯಂತ್ರ ಕೊಳ್ಳುವಾಗ ನೀರಿನ ನಕ್ಷತ್ರಗಳ ಚೀಟಿ ನೋಡಿ, ಮುಂಬಾಗಿಲಿನದು ಮೇಲು.
ಫ್ಲಶ್‌ನ ಚಿಕ್ಕ ಗುಂಡಿಯನ್ನೂ ಬಳಸಿ.

ಮನೆ ಸೇರುವಾಗ, ಬಿಡುವಾಗ, ಊರಿಗೆ ಹೋಗುವಾಗ

ಬೀಗದ ಕೈ ಸಿಕ್ಕ ದಿನ ಮತ್ತು ಹಿಂದಿರುಗಿಸುವ ದಿನ ಮೀಟರ್‌ನ ಫೋಟೋ ತೆಗೆದು ಏಜೆಂಟಿಗೆ ಇಮೇಲ್ ಮಾಡಿ. ಹಿಂದಿನ ಬಾಡಿಗೆದಾರರ ನೀರಿಗೆ ನೀವು ಹಣ ಕಟ್ಟುವುದು ಇದರಿಂದ ತಪ್ಪುತ್ತದೆ.

ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ ಮೀಟರ್ ಪಕ್ಕದ ಮುಖ್ಯ ವಾಲ್ವ್ ಮುಚ್ಚಿ. ಮೊದಲ ದಿನವೇ ಅದನ್ನು ತಿರುಗಿಸಿ ನೋಡಿರಬೇಕು. ಹಳೆಯ ಮನೆಗಳಲ್ಲಿ ಬಿಗಿದುಕೊಂಡಿರುತ್ತದೆ, ಪೈಪ್ ಒಡೆದ ರಾತ್ರಿ ಅದರ ಮುಂದೆ ಕೂತು ಒದ್ದಾಡುವುದು ಬೇಡ. ಗಿಡಗಳಿಗೆ ನೀರು ಬೇಕಾದರೆ ನೆರೆಯವರಿಗೆ ವಾಲ್ವ್ ತೋರಿಸಿ ಹೇಳಿ, ಬರುವಾಗ ಅವರಿಗೆ ಮೈಸೂರುಪಾಕು ತನ್ನಿ. ಹೊರಡುವ ಮುನ್ನ ಮೀಟರ್‌ನ ಫೋಟೋ ಮರೆಯಬೇಡಿ.