ಬಿಚ್ಚಿ ತೊಳೆಯಲು ಬರುವ ಷವರ್: ಗಡಸು ನೀರಿನ ಮನೆಯಲ್ಲಿ ನನ್ನ ಅನುಭವ

ಹಳೆಯ ಷವರನ್ನು ಬಿಚ್ಚಿ, ಕಾಗದ ಹಾಸಿ, ಅದರ ಮೇಲೆ ಮಗುಚಿ ಮೆಲ್ಲಗೆ ಕುಟ್ಟಿದೆ. ಒಳಗಿನಿಂದ ಬಿಳಿಯ ಹಕ್ಕಳೆಗಳು ಉದುರಿದವು. ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿದರೆ ಹೇಗಿರುತ್ತದೋ ಹಾಗೆಯೇ ಇದ್ದವು. ಒಂದನ್ನು ಎತ್ತಿ ವಿನೆಗರ್ ಇದ್ದ ಲೋಟಕ್ಕೆ ಹಾಕಿದಾಗ ಅದರ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಮೇಲೇರತೊಡಗಿತು. ಅಂಚುಗಳು ಸವೆದವು, ಚೂರು ತೆಳ್ಳಗಾಯಿತು, ಮರುದಿನ ಬೆಳಿಗ್ಗೆ ನೋಡಿದರೆ ಲೋಟದಲ್ಲಿ ಏನೂ ಇರಲಿಲ್ಲ. ಮೊಟ್ಟೆಯ ಚಿಪ್ಪನ್ನು ಹಾಕಿದ್ದರೂ ಹೀಗೆಯೇ ಆಗುತ್ತಿತ್ತು, ಏಕೆಂದರೆ ಎರಡರಲ್ಲೂ ಇರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ಮನೆಯಲ್ಲಿ 'ಉಪ್ಪು ಕಟ್ಟಿದೆ' ಎನ್ನುತ್ತಿದ್ದೆವು. ನಿಜವಾಗಿ ಕಟ್ಟಿದ್ದು ಸುಣ್ಣದ ಕಲ್ಲು.

ಈ ಮನೆಯಲ್ಲಿ ನಾನು ಬಿಚ್ಚಿದ ಎರಡನೆಯ ಷವರ್ ಅದು. ಮೊದಲನೆಯದು ಮನೆ ಕಟ್ಟಿದಾಗಲೇ ಇದ್ದದ್ದು. ಎರಡನೆಯದನ್ನು ನಾನೇ ಆರಿಸಿ ತಂದಿದ್ದೆ. ಊಟದ ತಟ್ಟೆಯಷ್ಟು ಅಗಲ, ಬೆರಳಿನಷ್ಟೂ ದಪ್ಪವಿಲ್ಲದ ಸ್ಟೀಲ್, ಸೂಜಿಯ ಮೊನೆಯಂಥ ರಂಧ್ರಗಳು. ಗೋಡೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಂಧ್ರಗಳು ಮುಚ್ಚಿಹೋದವು. ತೆರೆದುಕೊಂಡಿದ್ದ ಕೆಲವು ನೀರನ್ನು ಗೋಡೆಗೆ ಚಿಮ್ಮಿಸುತ್ತಿದ್ದವು, ಒಂದೆರಡು ನೇರ ಕಣ್ಣಿಗೆ. ಅಂಚನ್ನು ಸುತ್ತಲೂ ಬೆಸೆದಿದ್ದರಿಂದ ಒಳಗನ್ನು ತೆರೆದು ತೊಳೆಯುವ ದಾರಿಯೇ ಇರಲಿಲ್ಲ. ಸೂಜಿಯಿಂದ ಒಂದೊಂದೇ ರಂಧ್ರ ಬಿಡಿಸಿದರೆ ಚೂರು ಒಳಕ್ಕೆ ಬಿದ್ದು ಪಕ್ಕದ ರಂಧ್ರಕ್ಕೆ ಅಡ್ಡ ನಿಲ್ಲುತ್ತಿತ್ತು.

ಗಡಸು ನೀರಿನಲ್ಲಿ ಕಟ್ಟಿಕೊಳ್ಳದ ಷವರ್ ಇಲ್ಲ ಎಂಬುದು ಆಗ ನನಗೆ ಮನವರಿಕೆಯಾಯಿತು. ಕಟ್ಟಿಕೊಂಡಾಗ ಎಷ್ಟು ಸುಲಭವಾಗಿ ಬಿಚ್ಚಲು, ಉಜ್ಜಲು, ನೆನೆಸಲು ಬರುತ್ತದೆ ಎಂಬುದೊಂದನ್ನೇ ಮುಂದಿಟ್ಟುಕೊಂಡು ಮೂರನೆಯದನ್ನು ಹುಡುಕಲು ಹೊರಟೆ.

ಹೊರಡುವ ಮೊದಲು ನೀರನ್ನು ಅಳೆದೆ. ಬಹಳ ಜನ ಟಿಡಿಎಸ್ ಮೀಟರ್ ಅದ್ದಿ ನೋಡಿ ಅದನ್ನೇ ಗಡಸುತನ ಎಂದುಕೊಳ್ಳುತ್ತಾರೆ. ಆ ಮೀಟರ್ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಅಡುಗೆ ಉಪ್ಪು ಕರಗಿಸಿದರೂ ಅಂಕಿ ಏರುತ್ತದೆ. ಷವರಿಗೆ ತೊಂದರೆ ಕೊಡುವವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅವುಗಳಿಗೆ ಬೇರೆಯೇ ಪರೀಕ್ಷೆ ಇದೆ. ಹನಿ ಎಣಿಸುವ ಸಣ್ಣ ಕಿಟ್ ಸಾಕು. ಅಳತೆಯ ನೀರಿಗೆ ಚಿಟಿಕೆ ಪುಡಿ ಹಾಕಿದೊಡನೆ ಅದು ಕೆಂಪು ದ್ರಾಕ್ಷಿ ರಸದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎರಡನೆಯ ಸೀಸೆಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ಕುಲುಕುತ್ತ ಹೋಗಬೇಕು. ಬಹಳ ಹೊತ್ತು ಏನೂ ಬದಲಾಗುವುದಿಲ್ಲ. ನಂತರ ನೇರಳೆಯ ಛಾಯೆ ಬರುತ್ತದೆ, ಇನ್ನೊಂದು ಹನಿಗೆ ಥಟ್ಟನೆ ಸ್ವಚ್ಛ ನೀಲಿ. ಅಲ್ಲಿಯವರೆಗಿನ ಹನಿಗಳ ಲೆಕ್ಕವೇ ಗಡಸುತನದ ಲೆಕ್ಕ. ನಮ್ಮ ನೀರು ಲೀಟರಿಗೆ 420 ಮಿಲಿಗ್ರಾಂ ತೋರಿಸಿತು. 60ರ ಒಳಗಿದ್ದರೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ಅತಿ ಗಡಸು ಎಂಬುದು ಸಾಮಾನ್ಯವಾಗಿ ಬಳಸುವ ವಿಂಗಡಣೆ.

ಈ ಅಂಕಿಯಿಂದ ನನಗೆ ದೊಡ್ಡ ಉಪಕಾರವಾಯಿತು. ಷವರಿನ ಬಾಯಿಗೆ ಕಟ್ಟುವ ಸಣ್ಣ ಫಿಲ್ಟರ್ ಒಂದನ್ನು ಕೊಳ್ಳಬೇಕೆಂದಿದ್ದೆ. ಡಬ್ಬದ ಮೇಲೆ 'ಗಡಸು ನೀರಿಗೆ' ಎಂದೇ ಬರೆದಿತ್ತು. ಕುಳಿತು ಲೆಕ್ಕ ಹಾಕಿದೆ. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರಿನಡಿ 8 ನಿಮಿಷ ನಿಂತರೆ 64 ಲೀಟರ್. ಆ ನೀರಿನಲ್ಲಿ ಸುಮಾರು 27 ಗ್ರಾಂ ಗಡಸುತನ ಹಾದುಹೋಗುತ್ತದೆ. ನೀರನ್ನು ನಿಜವಾಗಿ ಮೆದುವಾಗಿಸುವ ಅಯಾನು ವಿನಿಮಯ ರಾಳವು ಲೀಟರಿಗೆ ಸುಮಾರು 50 ಗ್ರಾಂ ಗಡಸುತನ ಹೀರಿಕೊಂಡು ದಣಿಯುತ್ತದೆ, ಮತ್ತೆ ಉಪ್ಪುನೀರಿನಲ್ಲಿ ತೊಳೆದರೆ ಮಾತ್ರ ಚೇತರಿಸಿಕೊಳ್ಳುತ್ತದೆ. ಅಂದರೆ ಪೂರ್ತಿ ಒಂದು ಲೀಟರ್ ರಾಳ ನಮ್ಮ ಮನೆಯ ಎರಡು ಸ್ನಾನಕ್ಕೂ ಸಾಲದು. ಮುಷ್ಟಿಯಷ್ಟು ಫಿಲ್ಟರಿನಲ್ಲಿ ಏನು ಹಿಡಿಸೀತು? ಇದ್ದಿಲು ಅಥವಾ ತಾಮ್ರ-ಸತುವಿನ ಕಣಗಳಿರುವ ಫಿಲ್ಟರುಗಳು ಕ್ಲೋರಿನ್ ತಗ್ಗಿಸುತ್ತವೆ, ಅದು ಬೇಕಾದವರಿಗೆ ಒಳ್ಳೆಯದೇ. ಗಡಸುತನಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವುದು ಸರಿಯಾದ ಪರಿಹಾರ, ಆದರೆ ಅದಕ್ಕೆ ಜಾಗ ಬೇಕು, ಉಪ್ಪು ಬೇಕು, ತೊಳೆದ ನೀರು ಹೋಗಲು ದಾರಿ ಬೇಕು. ನಮ್ಮಲ್ಲಿ ಸದ್ಯಕ್ಕೆ ಅದಕ್ಕೆ ಅನುಕೂಲವಿಲ್ಲದ್ದರಿಂದ ಫಿಲ್ಟರ್ ಬಿಟ್ಟು ಷವರಿನ ಮೇಲೆಯೇ ಗಮನವಿಟ್ಟೆ.

ಎರಡನೆಯ ಅಳತೆ ನೀರಿನ ಒತ್ತಡದ್ದು. ಚಾವಣಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಎತ್ತರವೇ ಬಲ. 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್. ನಮ್ಮ ಟ್ಯಾಂಕಿನ ತಳದಿಂದ ಷವರಿಗೆ ನಾಲ್ಕೇ ಮೀಟರ್, ಅಂದರೆ 0.4 ಬಾರ್. ಪೈಪಿನ ತಿರುವುಗಳಲ್ಲಿ ಅದೂ ಸ್ವಲ್ಪ ಸೋರುತ್ತದೆ. ಅಗಲ ಷವರಿನ ನೂರಾರು ರಂಧ್ರಗಳಿಗೆ ಇಷ್ಟು ಒತ್ತಡ ಹಂಚಿದರೆ ನೀರು ಚಿಮ್ಮದೆ ತೊಟ್ಟಿಕ್ಕುತ್ತದೆ, ನಿಧಾನವಾಗಿ ತೊಟ್ಟಿಕ್ಕುವ ಬಾಯಲ್ಲಿ ಸುಣ್ಣವೂ ಬೇಗ ಕೂರುತ್ತದೆ. ಷವರಿನ ಡಬ್ಬದ ಮೇಲೆ ಕನಿಷ್ಠ ಒತ್ತಡ ಇಷ್ಟಿರಬೇಕು ಎಂದು ಬರೆದಿರುತ್ತಾರೆ, ಅದನ್ನು ತಪ್ಪದೆ ಓದಿ. ನನಗೆ ಮೊದಲು ಇಷ್ಟವಾದ ಎರಡು ಷವರುಗಳನ್ನು ಆ ಒಂದು ಸಾಲು ಓದಿಯೇ ಕೆಳಗಿಟ್ಟೆ.

ಕೊನೆಗೆ ತಂದದ್ದು ಅಂಗೈ ಅಗಲದ ಹ್ಯಾಂಡ್ ಷವರ್. ಗೋಡೆಯ ಕೊಳವೆಯ ತುದಿಗೇ ಸಿಕ್ಕಿಸುವ ಹೋಲ್ಡರಿನಲ್ಲಿ ಕೂರಿಸಿದರೆ ತಲೆಯ ಮೇಲಿಂದಲೇ ನೀರು ಬೀಳುತ್ತದೆ, ಬೇಕೆಂದಾಗ ಕೈಗೆ ತೆಗೆದುಕೊಳ್ಳಬಹುದು. ಟೈಲ್ಸ್ ಕೊರೆಯುವ ಕೆಲಸವಿಲ್ಲ. ಮುಖ್ಯವಾಗಿ, ಸ್ಪ್ಯಾನರ್ ಇಲ್ಲದೆ ಕೈಯಿಂದಲೇ ತಿರುಗಿಸಿ ಬಿಚ್ಚಿ ಪಾತ್ರೆಯಲ್ಲಿ ಮುಳುಗಿಸಬಹುದು. ರಂಧ್ರಗಳ ತುದಿ ಮೆತ್ತನೆಯ ಸಿಲಿಕೋನಿನದು, ಮುಖದಿಂದ ಒಂದೆರಡು ಮಿಲಿಮೀಟರ್ ಹೊರಚಾಚಿಕೊಂಡಿದೆ. ಅಂಗಡಿಯಲ್ಲೇ ಹೆಬ್ಬೆರಳಿನಿಂದ ಒತ್ತಿ ನೋಡಿದೆ: ಬಾಗಿ ಮತ್ತೆ ನೇರವಾಗಬೇಕು. ಕೆಲವು ಷವರುಗಳಲ್ಲಿ ಬಣ್ಣ ಮಾತ್ರ ಸಿಲಿಕೋನಿನಂತೆ ಇರುತ್ತದೆ, ಒತ್ತಿದರೆ ಗಟ್ಟಿ ಪ್ಲಾಸ್ಟಿಕ್. ಸಿಲಿಕೋನ್ ಬಾಗುತ್ತದೆ, ಸುಣ್ಣ ಬಾಗುವುದಿಲ್ಲ, ಹಾಗಾಗಿ ಉಜ್ಜಿದೊಡನೆ ಪೊರೆ ಒಡೆದು ಬೀಳುತ್ತದೆ. ಮುಖದ ತಟ್ಟೆಯನ್ನು ಒಂದೇ ತಿರುಪಿನಿಂದ ತೆಗೆಯಲು ಬರುತ್ತದೆಯೇ ಎಂದೂ ನೋಡಿಕೊಂಡೆ. ಐದಾರು ಬಗೆಯ ಧಾರೆ ಬದಲಿಸುವ ಷವರ್ ಬೇಡವೆಂದೆ, ಆ ತಿರುಗಣೆಯ ಒಳಗಿನ ಕಿರುದಾರಿಗಳಲ್ಲಿ ಸುಣ್ಣ ನಿಂತರೆ ಅದು ಅಲ್ಲಾಡುವುದೇ ಇಲ್ಲ. ಮ್ಯಾಟ್ ಕಪ್ಪು ಬಣ್ಣದಲ್ಲಿ ಒಂದೊಂದು ಹನಿಯ ಕಲೆಯೂ ಬೆಳ್ಳಗೆ ಎದ್ದು ಕಾಣುತ್ತದೆ. ಹೊಳಪು ಕಡಿಮೆ ಇರುವ ಬೂದು ಬಣ್ಣ ಕಣ್ಣಿಗೆ ಹಿತ.

ಹಳೆಯದನ್ನು ಬಿಚ್ಚುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿಯೇ. ಪರಿಚಿತರೊಬ್ಬರ ಮನೆಯಲ್ಲಿ ಷವರನ್ನು ಬಲವಾಗಿ ತಿರುಗಿಸಲು ಹೋಗಿ ಗೋಡೆಯೊಳಗಿನ ಎಲ್ಬೋ, ಅಂದರೆ ಕೊಳವೆಯ ತಿರುವಿನ ಜೋಡಣೆ, ಸೀಳಿತ್ತು, ಟೈಲ್ಸ್ ಒಡೆಯಬೇಕಾಯಿತು. ಸುಣ್ಣ ಕಟ್ಟಿದ ಮರೆಗಳು (ತಿರುಪಿನ ಸುತ್ತುಗಳು) ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಆದ್ದರಿಂದ ಹಿಂದಿನ ರಾತ್ರಿಯೇ ಹಳೆಯ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಷವರಿನ ಕುತ್ತಿಗೆಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟೆ. ಆ ಷವರನ್ನು ಎಸೆಯುವುದೇ ಇತ್ತು, ಅದಕ್ಕೆ ಇಡೀ ರಾತ್ರಿ ಬಿಟ್ಟೆ. ಉಳಿಸಿಕೊಳ್ಳುವ ಕ್ರೋಮ್ ಆಗಿದ್ದರೆ ಅಷ್ಟು ಹೊತ್ತು ಬಿಡಬಾರದು.

ಬೆಳಿಗ್ಗೆ ಮೊದಲು ಮುಖ್ಯ ವಾಲ್ವ್ ತಿರುಗಿಸಿ, ನಲ್ಲಿ ಬಿಟ್ಟು ನೀರು ನಿಲ್ಲುತ್ತದೆಯೇ ಎಂದು ನೋಡಿದೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನೊಳಗೂ ಸುಣ್ಣ ಕಟ್ಟಿ ಅದು ಪೂರ್ತಿ ಮುಚ್ಚದೇ ಇರಬಹುದು. ಷವರ್ ಬಿಚ್ಚಿದ ಮೇಲೆ ಅದು ಗೊತ್ತಾದರೆ ಕಷ್ಟ. ನಮ್ಮದು ಮೂರ್ನಾಲ್ಕು ಸಲ ತೆರೆದು ಮುಚ್ಚಿದ ಮೇಲೆ ನಿಂತಿತು. ಬಳಿಕ ಎರಡು ಸ್ಪ್ಯಾನರ್ ತೆಗೆದುಕೊಂಡೆ. ಒಂದನ್ನು ಬಟ್ಟೆ ಸುತ್ತಿದ ಕೊಳವೆಗೆ ಹಿಡಿಸಿ ಅದು ಕದಲದಂತೆ ಎಡಗೈಯಲ್ಲಿ ಬಿಗಿಹಿಡಿದೆ, ಇನ್ನೊಂದರಿಂದ ಷವರಿನ ನಟ್ಟನ್ನು ತಿರುಗಿಸಿದೆ. ಮೊದಲು ಬಿಗಿಮಾಡುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. 'ಕಿರ್' ಎಂದು ಮರಳು ಅರೆದ ಸದ್ದಾಯಿತು, ಪೊರೆ ಒಡೆಯಿತು. ಮುಂದಿನದು ಕೈಯಿಂದಲೇ ಬಂತು.

ಕೊಳವೆಯ ಮರೆಗಳಲ್ಲಿ ಹಳೆಯ ಟೆಫ್ಲಾನ್ ಟೇಪಿನ ಚಿಂದಿ, ಅದರ ಮೇಲೆ ಸುಣ್ಣದ ಗೆರೆ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ವಿನೆಗರ್ ಹಿಡಿದು ಮರೆಯ ಒಂದೊಂದು ಸುತ್ತೂ ಹೊಳೆಯುವಂತೆ ತಿಕ್ಕಿದೆ. ಇದಾದೊಡನೆ ಹೊಸ ಷವರ್ ಹಾಕಬೇಡಿ, ಇದು ನನ್ನ ಕಳಕಳಿಯ ಮಾತು. ಬರಿಯ ಕೊಳವೆಯಿಂದ ಬಕೆಟಿಗೆ ನೀರು ಬಿಡಿ, ತಣ್ಣೀರು ಒಂದು ನಿಮಿಷ, ಬಿಸಿನೀರು ಒಂದು ನಿಮಿಷ. ನಾನು ಬಿಟ್ಟಾಗ ಬಿಸಿನೀರಿನ ಕಡೆಯಿಂದ ರಾಗಿ ಕಾಳಿನಷ್ಟು ದಪ್ಪದ ಬಿಳಿ ಹರಳುಗಳು ಬಕೆಟಿನ ತಳದಲ್ಲಿ ಕೂತವು. ತಣ್ಣೀರಿನಿಂದ ಒಂದೂ ಬರಲಿಲ್ಲ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕಾರ್ಬೊನೇಟ್ ಆಗಿ ಹೆಪ್ಪುಗಟ್ಟುವುದು ಗೀಸರಿನಲ್ಲಿಯೇ. ಅಲ್ಲಿಂದ ಕಳಚಿದ ಹರಳುಗಳು ಷವರಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಗೀಸರಿನ ತಾಪವನ್ನು 75 ಡಿಗ್ರಿಯಿಂದ ಇಳಿಸಿದ್ದು ಇದನ್ನು ಕಂಡ ಮೇಲೆಯೇ. ಬಿಸಿನೀರು ತುಂಬಿಟ್ಟುಕೊಳ್ಳುವ ಟ್ಯಾಂಕಿನಲ್ಲಿ ತಾಪ ತೀರ ಕಡಿಮೆಯಾದರೆ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ 60ಕ್ಕೆ ನಿಲ್ಲಿಸಿದೆ.

ಜೋಡಿಸುವುದು ಹತ್ತು ನಿಮಿಷದ ಕೆಲಸ. ಮರೆಯ ತುದಿ ನಮ್ಮ ಮುಖದ ಕಡೆಗಿರುವಂತೆ ನಿಂತು ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆದು ಸುತ್ತಬೇಕು. ಎದುರು ಸುತ್ತಿದರೆ ಹೋಲ್ಡರ್ ತಿರುಗಿಸುವಾಗ ಅದು ಸುಲಿದು ಬರುತ್ತದೆ. ಮೊದಲ ಮರೆಯನ್ನು ಖಾಲಿ ಬಿಟ್ಟೆ, ಟೇಪಿನ ಎಳೆ ನೀರಿನೊಳಗೆ ಸೇರದಿರಲಿ ಎಂದು. ಹ್ಯಾಂಡ್ ಷವರಿನ ಬಳುಕುವ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇದ್ದರೆ ಅಲ್ಲಿ ಟೇಪ್ ಬೇಕಿಲ್ಲ, ಸೋರದಂತೆ ತಡೆಯುವುದು ವಾಷರ್. ಕೈಬಿಗಿ ಸಾಕು. ಅಲ್ಲಿ ಸ್ಪ್ಯಾನರ್ ಹಾಕಿದರೆ ಮುಂದಿನ ಸಲ ಕೈಯಿಂದ ಬಿಚ್ಚಲು ಬರುವುದಿಲ್ಲ, ಇಷ್ಟೆಲ್ಲ ಮಾಡಿದ್ದು ಅದಕ್ಕಾಗಿಯೇ ತಾನೆ. ನೀರು ಬಿಟ್ಟು ಕೂಡುಗಳಿಗೆ ಒಣ ಕಾಗದ ಒತ್ತಿ ನೋಡಿದೆ. ಒಂದರಲ್ಲಿ ತೇವ ಕಂಡಿತು, ಬಿಚ್ಚಿ ಟೇಪ್ ಎರಡು ಸುತ್ತು ಹೆಚ್ಚಿಸಿದ ಮೇಲೆ ಒಣಗಿತು. ಹಳೆಯ ಷವರಿನಲ್ಲಿ 10 ಲೀಟರ್ ಬಕೆಟ್ ತುಂಬಲು 2 ನಿಮಿಷ 40 ಸೆಕೆಂಡ್ ಬೇಕಾಗುತ್ತಿತ್ತು, ಹೊಸದರಲ್ಲಿ 75 ಸೆಕೆಂಡ್.

ಈಗ ಎಂಟು ತಿಂಗಳಾಗಿದೆ. ಸ್ನಾನ ಮುಗಿದ ಮೇಲೆ ಷವರನ್ನು ಕೆಳಮುಖ ಮಾಡಿ ಒಮ್ಮೆ ಕೊಡವಿ ನೀರು ಬಸಿದಿಡುತ್ತೇವೆ, ಉಳಿದ ಹನಿ ಆರಿದಲ್ಲಿಯೇ ಕಲೆ ಕೂರುವುದು. ವಾರಕ್ಕೊಮ್ಮೆ ನೀರು ಬಿಟ್ಟುಕೊಂಡೇ ಸಿಲಿಕೋನ್ ತುದಿಗಳ ಮೇಲೆ ಹೆಬ್ಬೆರಳು ಆಡಿಸುತ್ತೇನೆ, ಚರಪರ ಎಂದು ಪುಡಿ ಉದುರುವುದು ಬೆರಳಿಗೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ, ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ ಕರಗಿಸಿ ಅರ್ಧ ಗಂಟೆ ಮುಳುಗಿಸಿಡುತ್ತೇನೆ. ವಿನೆಗರಿನ ವಾಸನೆ ಇದರಲ್ಲಿಲ್ಲ. ಆಮ್ಲದ ಜೊತೆ ಬ್ಲೀಚಿಂಗ್ ಪುಡಿಯಾಗಲಿ ಬ್ಲೀಚ್ ಇರುವ ಕ್ಲೀನರ್ ಆಗಲಿ ಎಂದಿಗೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಅಮೃತಶಿಲೆಯ ನೆಲದ ಮೇಲೆ ಆಮ್ಲ ಚೆಲ್ಲದಂತೆಯೂ ನೋಡಿಕೊಳ್ಳಬೇಕು, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ನೆಲ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಷವರಿಗೆ ಬೇಡವೇ ಬೇಡ, ಸುಣ್ಣದ ಜೊತೆ ಕ್ರೋಮ್ ಲೇಪವನ್ನೂ ತಿನ್ನುತ್ತದೆ.

ಹೋದ ವಾರ ಧಾರೆ ಮತ್ತೆ ಸ್ವಲ್ಪ ಸಣ್ಣದಾಯಿತು. ತುದಿಗಳೆಲ್ಲ ತೆರೆದೇ ಇದ್ದವು. ಪೈಪಿನ ನಟ್ಟನ್ನು ಕೈಯಿಂದ ತಿರುಗಿಸಿ ತೆಗೆದಾಗ ವಾಷರಿನ ನಡುವಿನ ಜಾಲರಿಯಲ್ಲಿ ಅದೇ ಬಿಳಿ ಹರಳುಗಳು ಸಾಲಾಗಿ ಕೂತಿದ್ದವು, ಬಿಸಿನೀರಿನ ಕಡೆಯಿಂದ ಬಂದವು. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ಮತ್ತೆ ಕೂರಿಸಿದೆ. ಮುಂದಿನ ರಜೆಯ ದಿನ ಗೀಸರಿನ ತಳ ತೆರೆಸಿ ಕೆರೆಸಬೇಕು.