ಆಫೀಸಿಗೆ ಧೋತರ: ಎಂಟು ತಾಸು ಕಚ್ಚೆ ಜಾರದ ಹಾಗೆ

ಆಫೀಸಿಗೆ ಮೊದಲ ಸಲ ಧೋತರ ಉಡಬೇಕೆನ್ನುವವರು ಸಾಮಾನ್ಯವಾಗಿ ನವೆಂಬರ್ 1ನ್ನೋ ದೀಪಾವಳಿ ಪೂಜೆಯನ್ನೋ ಕಾಯುತ್ತಾರೆ. ಕಾಯಬೇಡಿ. ಹಬ್ಬದ ದಿನ ಉಟ್ಟರೆ ಅದು ವೇಷವಾಗುತ್ತದೆ. ಎಲ್ಲರೂ ಫೋಟೊ ತೆಗೆದು ಮುಗಿಸುತ್ತಾರೆ, ಮರುವಾರ ಉಟ್ಟು ಬಂದರೆ ‘ಇವತ್ತೇನ್ರಿ ವಿಶೇಷ?’ ಅನ್ನುತ್ತಾರೆ. ಮೀಟಿಂಗ್ ಕಡಿಮೆ ಇರುವ ಒಂದು ಸಾದಾ ಬುಧವಾರ ಆರಿಸಿಕೊಳ್ಳಿ. ಹಿಂದಿನ ದಿನ ಮ್ಯಾನೇಜರಿಗೆ ‘ವಾರಕ್ಕೊಮ್ಮೆ ಧೋತರ ಉಟ್ಟು ಬರತೀನ್ರಿ ಸರ್’ ಎಂದು ತಿಳಿಸಿದರೆ ಸಾಕು. ಪ್ಯಾಂಟ್ ಕಡ್ಡಾಯ ಎಂದು ನಿಯಮದಲ್ಲೇ ಇದ್ದರೆ ಮಾತ್ರ ಎಚ್‌ಆರ್‌ಗೆ ಬರೆದು ಕೇಳಿ. ಗೇಟಿನ ಸೆಕ್ಯುರಿಟಿಯವರಿಗೂ ಒಂದು ಮಾತು ಹೇಳಿಸಿಡಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ಧೋತರ ಉಟ್ಟ ರೈತರೊಬ್ಬರನ್ನು ತಡೆದಿದ್ದಕ್ಕೆ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಇಂಥ ತೊಂದರೆ ಶುರುವಾಗುವುದು ಬಾಗಿಲಲ್ಲೇ.

ಬಟ್ಟೆ ಆರಿಸುವಾಗ ಮೊದಲು ಉದ್ದ ನೋಡಿ. ಎಂಟು ಮೊಳವೆಂದರೆ ಸುಮಾರು 3.66 ಮೀಟರ್. ಸಾಧಾರಣ ಮೈಕಟ್ಟಿನವರಿಗೆ ಕಚ್ಚೆ ಹಾಕಲು ಇಷ್ಟು ಸಾಕು. ಸೊಂಟ 38 ಇಂಚು ದಾಟಿದ್ದರೆ ಹತ್ತು ಮೊಳದ್ದೇ, ಅಂದರೆ ಸುಮಾರು 4.57 ಮೀಟರಿನದೇ ತಗೊಳ್ಳಿ. ಕಡಿಮೆ ಬಿದ್ದರೆ ನಿರಿಗೆ ಬರುವುದು ಮೂರೋ ನಾಲ್ಕೋ, ನಡೆದಾಗ ತೊಡೆ ಕಾಣುತ್ತದೆ. ಬೆಳಗಾವಿಯ ಖಡೇಬಜಾರಿನ ಅಂಗಡಿಯಲ್ಲಿ ಕೊಳ್ಳುವಾಗ ಬಟ್ಟೆಯ ಒಂದೇ ಪದರದ ಕೆಳಗೆ ಅಂಗೈ ಇಟ್ಟು ಬೆಳಕಿಗೆ ಹಿಡಿಯಿರಿ. ಗೆರೆಗಳು ಎಣಿಸುವಷ್ಟು ಕಂಡರೆ ಆ ಧೋತರ ಮನೆಗೆ ಸರಿ, ಆಫೀಸಿಗೆ ಬೇಡ. ಬೆಳಗಾವಿ ಹತ್ತಿರದ ಹುದಲಿಯ ಖಾದಿ ಸ್ವಲ್ಪ ದಪ್ಪ, ಜಾರುವುದಿಲ್ಲ, ಹೊಸಬರಿಗೆ ಅದೇ ಒಳ್ಳೆಯದು. ಜರಿ ಅಂಚು ಮದುವೆಗಿರಲಿ. ಕೆಲಸಕ್ಕೆ ಅರ್ಧ ಇಂಚಿನ ಕಪ್ಪು ಅಥವಾ ಕೆಂಪು ಅಂಚು ಚೆಂದ.

ಗಂಜಿ ಹದವಾಗಿರಬೇಕು. ಎರಡು ದೊಡ್ಡ ಚಮಚ ಸಾಬೂದಾಣಿಯನ್ನು ಒಂದು ಲೀಟರ್ ನೀರಲ್ಲಿ ಪೂರ್ತಿ ಕರಗುವ ತನಕ ಕುದಿಸಿ, ಸೋಸಿ, ಅರ್ಧ ಬಕೆಟ್ ನೀರಿಗೆ ಬೆರೆಸಿ ಅದ್ದಿ ತೆಗೆಯಿರಿ. ಗಂಜಿ ಹೆಚ್ಚಾದರೆ ಕುಳಿತಾಗ ನಿರಿಗೆ ಮುಂದಕ್ಕೆ ಉಬ್ಬಿ ನಿಲ್ಲುತ್ತದೆ, ಮಡಿಕೆ ಬಿದ್ದಲ್ಲಿ ಬಟ್ಟೆ ಬೇಗ ಸೀಳುತ್ತದೆ. ಕಡಿಮೆಯಾದರೆ ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗುತ್ತದೆ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ.

ಒಳಗೆ ತೊಡೆ ಮುಚ್ಚುವ, ಜೇಬಿರುವ ಚಡ್ಡಿ ಹಾಕಿ. ಬಣ್ಣ ತಿಳಿ ಗೋಧಿಯದಿರಲಿ. ಬಿಳಿ ಚಡ್ಡಿಯ ಅಂಚು ಧೋತರದ ಮೂಲಕವೂ ಎದ್ದು ಕಾಣುತ್ತದೆ, ಪಟ್ಟಾಪಟ್ಟಿಯಂತೂ ಕೇಳುವುದೇ ಬೇಡ.

ಇನ್ನು ಉಡುವುದು. ಧೋತರವನ್ನು ಬೆನ್ನ ಹಿಂದೆ ಹಿಡಿದು ಎರಡೂ ಬದಿ ಸಮ ಮಾಡಿ ಮುಂದಕ್ಕೆ ತನ್ನಿ. ಹೊಕ್ಕುಳ ಮೇಲೆ ಬಿಗಿಯಾಗಿ ಸೇರಿಸಿ ಮೇಲಂಚುಗಳಿಂದ ಗಂಟು ಹಾಕಿ. ಹೊಟ್ಟೆ ಒಳಗೆಳೆದುಕೊಂಡು ಗಂಟು ಹಾಕಬಾರದು, ಊಟವಾಗಿ ಕುಳಿತಾಗ ಅದು ತಾನಾಗಿ ಬಿಚ್ಚುತ್ತದೆ. ಅಂಚು ಕಾಲ್ಗಂಟಿಗಿಂತ ಎರಡು ಬೆರಳು ಮೇಲಿರಲಿ. ಈಗ ಎಡಬದಿಯ ಚುಂಗನ್ನು ನಿರಿಗೆಯಾಗಿ ಮಡಿಸಿ, ಕಾಲ ನಡುವಿನಿಂದ ಹಿಂದಕ್ಕೆ ಒಯ್ದು, ಸಿಕ್ಕಿಸುವ ಮುಂಚೆ ಒಮ್ಮೆ ಕುರ್ಚಿಯಲ್ಲಿ ಕೂತಷ್ಟು ಬಗ್ಗಿ ಏಳಿ. ಇದನ್ನು ಬಿಟ್ಟವರ ಕಚ್ಚೆಯೇ ಆಫೀಸಿನಲ್ಲಿ ಬಿಚ್ಚುವುದು. ನಿಂತಾಗ ಸರಿಯೆನಿಸಿದ ಬಿಗಿ, ಕುಳಿತಾಗ ನಾಲ್ಕು ಬೆರಳು ಕಡಿಮೆ ಬೀಳುತ್ತದೆ, ಬಟ್ಟೆ ಬೆನ್ನಿನಿಂದ ಕಿತ್ತುಕೊಂಡು ಕೆಳಗೆ ಬರುತ್ತದೆ. ಬಗ್ಗಿದಾಗ ಎಷ್ಟು ಸಡಿಲ ಬೇಕಾಯಿತೋ ಅಷ್ಟು ಬಿಟ್ಟು ಬೆನ್ನುಹುರಿಯ ನೇರಕ್ಕೆ ನಾಲ್ಕು ಬೆರಳು ಆಳ ಸಿಕ್ಕಿಸಿ. ಬಲಬದಿಯನ್ನು ಮೂರು ಇಂಚು ಅಗಲದ ಐದಾರು ನಿರಿಗೆ ಮಾಡಿ, ಕೆಳಗಂಚು ಒಂದೇ ಸಮ ಬರುವಂತೆ ಹಿಡಿದು, ಹೊಕ್ಕುಳ ಹತ್ತಿರ ಸಿಕ್ಕಿಸಿ.

ಮೇಲೆ ಒಂದೂವರೆ ಇಂಚಿನ ಬಟ್ಟೆಯ ಬೆಲ್ಟ್ ಕಟ್ಟಿ, ಹಿಂದಿನ ಸಿಕ್ಕನ್ನು ಬೆಲ್ಟಿನ ಒಳಗಿಂದ ಮೇಲೆಳೆದು ಒಂದು ಸುತ್ತು ಮಡಿಸಿ ಬಿಡಿ. ಹಿರಿಯರಿಗೆ ಉಡದಾರ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಅಂಗಿ ಹೊರಗೇ ಇರುವುದರಿಂದ ಬೆಲ್ಟ್ ಕಾಣುವುದಿಲ್ಲ. ನೆಹರೂ ಅಂಗಿ ಅಥವಾ ನೇರ ಅಂಚಿನ ಕಾಟನ್ ಶರ್ಟ್ ಹೊಂದುತ್ತದೆ. ಬಾಲದಂತೆ ಇಳಿಯುವ ಫಾರ್ಮಲ್ ಶರ್ಟ್ ಹೊಂದುವುದಿಲ್ಲ. ಕ್ಲೈಂಟ್ ಬರುವ ದಿನ ಮೇಲೊಂದು ಜಾಕೀಟು ಸಾಕು. ಫೋನು, ಪಾಕೀಟು ಅಂಗಿಯ ಬದಿಜೇಬಿಗೆ ಹೋಗಲಿ. ಸೊಂಟಕ್ಕೆ ಸಿಕ್ಕಿಸಿದರೆ ಆ ಭಾರಕ್ಕೇ ನಿರಿಗೆ ಜಗ್ಗುತ್ತದೆ.

ಗಾಲಿ ಕುರ್ಚಿ ದೊಡ್ಡ ಶತ್ರು. ಹಿಂದಕ್ಕೆ ಸರಿಯುವ ಮುಂಚೆ ಎಡಗೈಯಿಂದ ನಿರಿಗೆ ಎತ್ತಿ ಮಡಿಲಲ್ಲಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಗಾಲಿಗೆ ಅಂಚು ಸಿಕ್ಕರೆ ಎಳೆಯಬೇಡಿ, ಕುರ್ಚಿಯನ್ನು ಬಂದ ದಾರಿಯಲ್ಲೇ ತಿರುಗಿಸಿ ಬಿಡಿಸಿ. ಗಂಟು ಸಡಿಲವಾದದ್ದು ಗೊತ್ತಾದರೆ ಕಾರಿಡಾರಿನಲ್ಲಿ ಸರಿ ಮಾಡಲು ಹೋಗದೆ ವಾಶ್‌ರೂಮಿಗೆ ನಡೆಯಿರಿ. ಪೂರ್ತಿ ಬಿಚ್ಚಿ ಮತ್ತೆ ಉಟ್ಟರೂ ಕೈ ಪಳಗಿದ ಮೇಲೆ ಎರಡು ನಿಮಿಷದ ಕೆಲಸ.

ಬೈಕಿನಲ್ಲಿ ಹೋಗುವವರು ಧೋತರ ಉಟ್ಟು ಓಡಿಸಬಾರದು. ಚುಂಗು ಚೈನಿಗೋ ಚಕ್ರಕ್ಕೋ ಸಿಕ್ಕರೆ ಪ್ರಾಣಕ್ಕೇ ಅಪಾಯ. ಪ್ಯಾಂಟಿನಲ್ಲಿ ಹೋಗಿ ಅಲ್ಲೇ ಬದಲಿಸಿ. ಬೆಳಗಾವಿಯ ಜೂನ್–ಸೆಪ್ಟೆಂಬರ್ ಮಳೆಯಲ್ಲಂತೂ ಬೇರೆ ದಾರಿಯೇ ಇಲ್ಲ, ಒದ್ದೆ ಬಿಳಿ ಬಟ್ಟೆ ಏನನ್ನೂ ಮುಚ್ಚುವುದಿಲ್ಲ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಹಿತವಾದ ಉಡುಪು ಮತ್ತೊಂದಿಲ್ಲ.

ಕಾಲಿಗೆ ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದರೂ ಅದರ ಜಿಐ (ಭೌಗೋಳಿಕ ಸೂಚಕ) ಗುರುತು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಸೇರಿದೆ. ಅಥಣಿಯಲ್ಲಿ ಮಾಡಿದ್ದು ಗಟ್ಟಿ. ಹೊಸದನ್ನು ಒಂದು ವಾರ ಮನೆಯಲ್ಲಿ ಮೆಟ್ಟಿ ಓಡಾಡಿ, ಇಲ್ಲದಿದ್ದರೆ ಚರ್ಮದ ಎಣ್ಣೆ, ಬಣ್ಣ ಅಂಚಿಗೆ ಹತ್ತುತ್ತದೆ. ಮಳೆಗಾಲಕ್ಕೆ ಕಪ್ಪು ಪಂಪ್ ಶೂ, ಸಾಕ್ಸ್ ಬೇಡ.

ಊಟಕ್ಕೆ ಕೂತಾಗ ಮಡಿಲ ಮೇಲೆ ಟವೆಲ್ ಹಾಸಿ. ರೊಟ್ಟಿ, ಎಣ್ಣೆಗಾಯಿ ಬಿದ್ದರೆ ನೀರು ಹಚ್ಚಿ ಉಜ್ಜಬೇಡಿ, ಅರಿಸಿನ ಇನ್ನೂ ಹರಡುತ್ತದೆ. ಪೇಪರ್ ಒತ್ತಿ ಎಣ್ಣೆ ಹೀರಿಸಿ ಮನೆಗೆ ಬಂದ ಕೂಡಲೇ ಸಾಬೂನು ಹಚ್ಚಿ ತೊಳೆದು ಬಿಸಿಲಿಗೆ ಹಾಕಿ. ಉಳಿದ ಹಳದಿಯನ್ನು ಎರಡು ದಿನದ ಬಿಸಿಲು ತೆಗೆಯುತ್ತದೆ.